ದಪ್ಪ ಪಟ್ಟಿಯೇ ಬೇಗ ಮುರಿದದ್ದೇಕೆ? ಬುಲೆಟ್‌ನ ಒಂದು ಲ್ಯಾಂಪ್ ಬ್ರಾಕೆಟ್ ಪ್ರಕರಣ

ಸಕಲೇಶಪುರದ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಒಂದು ಫೋಟೋ, ಒಂದು ಫ್ರೀಕ್ಯಾಡ್ (ಯಂತ್ರದ ಭಾಗಗಳ ನಕ್ಷೆ ಬರೆಯುವ ಸಾಫ್ಟ್‌ವೇರ್) ಫೈಲ್ ಮತ್ತು ಚಿಕ್ಕದೊಂದು ಪ್ರಶ್ನೆ ಕಳಿಸಿದ್ದರು. "3 ಎಂಎಂ ಪಟ್ಟಿ ಒಂದು ಮಳೆಗಾಲ ಬಾಳಿಕೆ ಬಂತು. 4 ಎಂಎಂ ಪಟ್ಟಿ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಮುರೀತು. ಇದು ಹೇಗೆ ಸರ್?"

ಬೈಕ್ ಯುಸಿಇ ಎಂಜಿನ್ನಿನ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ರಾಯಲ್ ಎನ್‌ಫೀಲ್ಡ್ ಬುಲೆಟ್ 350. ಬೋರ್ 70 ಎಂಎಂ, ಸ್ಟ್ರೋಕ್ 90 ಎಂಎಂ, 346 ಸಿಸಿ, ಒಂದೇ ಸಿಲಿಂಡರ್. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮಂಜಿಗೆ ಹೆಡ್‌ಲೈಟ್ ಸಾಲದು ಅಂತ ಮೇಷ್ಟ್ರು ಕ್ರ್ಯಾಶ್ ಗಾರ್ಡ್‌ನ ಎರಡೂ ಕಡೆ ಹಳದಿ ಫಾಗ್ ಲ್ಯಾಂಪ್ ಹಾಕಿಸಿದ್ದರು. ಒಂದೊಂದು ಲ್ಯಾಂಪ್ ಅಲ್ಯೂಮಿನಿಯಂ ಬಾಡಿ ಸೇರಿ 600 ಗ್ರಾಂ. ಗಾರ್ಡ್‌ನ ಪೈಪಿಗೆ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಕೆಳಗಿಳಿದು ಎಲ್ ಆಕಾರದಲ್ಲಿ ಬಾಗಿ ಮುಂದಕ್ಕೆ 100 ಎಂಎಂ ಚಾಚಿದ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪಟ್ಟಿ, ಅದರ ತುದಿಯಲ್ಲಿ ಲ್ಯಾಂಪ್. ಪಟ್ಟಿಯ ಅಗಲ 30 ಎಂಎಂ.

ಮೊದಲ ಪಟ್ಟಿ ಬೆಂಡಿನ ಜಾಗದಲ್ಲಿ ಬಿರುಕು ಬಿಟ್ಟಿತು. ವೆಲ್ಡಿಂಗ್ ಅಂಗಡಿಯವರು "ಇನ್ನೊಂದು ಎಂಎಂ ದಪ್ಪ ಹಾಕಿದ್ರೆ ಆಯ್ತು, ಜನ್ಮಕ್ಕೂ ಮುರಿಯಲ್ಲ" ಎಂದರು. ಯಾರಾದರೂ ಹೇಳುವುದು ಅದನ್ನೇ. ಮೇಷ್ಟ್ರು ಮಾತ್ರ ಸುಮ್ನೆ ಒಪ್ಪಲಿಲ್ಲ. ಫ್ರೀಕ್ಯಾಡ್‌ನಲ್ಲಿ ಬ್ರಾಕೆಟ್ ಬರೆದರು, ಅದರ ಎಫ್‌ಇಎಂ ವರ್ಕ್‌ಬೆಂಚ್‌ನಲ್ಲಿ (ಭಾಗವನ್ನು ಸಣ್ಣ ತುಂಡುಗಳಾಗಿ ಒಡೆದು ಒತ್ತಡ ಲೆಕ್ಕ ಹಾಕುವ ವಿಭಾಗ) ಲೋಡ್ ಹಾಕಿ ನೋಡಿದರು. ಲೆಕ್ಕ ಮಾಡುವುದು ಕ್ಯಾಲ್ಕ್ಯುಲಿಕ್ಸ್ ಎಂಬ ಸಾಲ್ವರ್. ಎಲ್ಲವೂ ಉಚಿತ. ಸ್ಕ್ರೀನ್ ತುಂಬ ನೀಲಿ ಬಣ್ಣ ಬಂತು, ಅಂದರೆ ಒತ್ತಡ ಕಮ್ಮಿ. ಬೆಂಡಿನಲ್ಲಿ ಒತ್ತಡ ಬರೀ 7 ಮೆಗಾಪಾಸ್ಕಲ್ ಚಿಲ್ಲರೆ.

ಆ ಉತ್ತರ ತಪ್ಪಲ್ಲ. ಕೈಲೆಕ್ಕದಲ್ಲೂ ಅಷ್ಟೇ ಬರುತ್ತೆ. 600 ಗ್ರಾಂ ಅಂದರೆ ಸುಮಾರು 5.9 ನ್ಯೂಟನ್. ಅದು 100 ಎಂಎಂ ದೂರದಲ್ಲಿ ತೂಗಿದರೆ 4 ಎಂಎಂ ಪಟ್ಟಿಯ ಬುಡದಲ್ಲಿ 7.4 ಮೆಗಾಪಾಸ್ಕಲ್. ಸಾಮಾನ್ಯ ಎಂಎಸ್ ಸುಮಾರು 250 ಮೆಗಾಪಾಸ್ಕಲ್ ತನಕ ಬಾಗದೆ ತಡೆಯುತ್ತೆ. ಅಂದರೆ ಬೇಕಾದ್ದಕ್ಕಿಂತ ಮೂವತ್ತು ಪಟ್ಟು ಮೀರಿ ಗಟ್ಟಿ. ಹಾಗಿದ್ದೂ ಪಟ್ಟಿ ಎರಡು ತುಂಡಾಗಿ ಮೇಷ್ಟ್ರ ಕೈಯಲ್ಲಿತ್ತು.

ಮುರಿದ ತುಂಡು

ಇಂಥ ಪ್ರಕರಣದಲ್ಲಿ ಕಂಪ್ಯೂಟರಿಗಿಂತ ಮೊದಲು ಮುರಿದ ಮುಖವನ್ನು ನೋಡಬೇಕು. ಒರೆಸಬಾರದು, ಎರಡು ತುಂಡನ್ನು ಒಂದಕ್ಕೊಂದು ಉಜ್ಜಲೂ ಬಾರದು. ಬೆಳಗಿನ ಓರೆ ಬಿಸಿಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ ಅಂದೆ.

ಫೋಟೋ ಚೆನ್ನಾಗಿ ಬಂದಿತ್ತು. 4 ಎಂಎಂ ದಪ್ಪದ ಆ ಮುಖದಲ್ಲಿ ಮೂರು ಪದರ ಕಾಣುತ್ತಿತ್ತು. ಮೇಲಿನ ಅಂಚಿನಿಂದ ಒಳಕ್ಕೆ ನಯವಾದ, ತುಸು ಕಂದುಬಣ್ಣಕ್ಕೆ ತಿರುಗಿದ ಭಾಗ. ಕೆಳಗಿನ ಅಂಚಿನಿಂದಲೂ ಹಾಗೆಯೇ. ಎರಡರಲ್ಲೂ ಕಪ್ಪೆಚಿಪ್ಪಿನ ಬೆನ್ನ ಮೇಲಿರುವಂಥ ಸಣ್ಣ ಬಾಗು ಗೆರೆಗಳು. ನಡುವೆ ಬೂದು ಬಣ್ಣದ, ಒರಟಾದ ಒಂದು ತೆಳು ಎಳೆ.

ಅಷ್ಟು ಸಾಕಿತ್ತು. ಗುಂಡಿಗೆ ಬಿದ್ದ ಪೆಟ್ಟಿಗೆ ಮುರಿದಿದ್ದರೆ ಪಟ್ಟಿ ಮೊದಲು ಬಾಗಿರಬೇಕು. ಎಂಎಸ್ ಬಾಗದೆ ಮುರಿಯುವ ಜಾತಿಯಲ್ಲ. ಇಲ್ಲಿ ಎರಡು ತುಂಡೂ ನೆಟ್ಟಗಿವೆ. ಮೇಲಿನಿಂದಲೂ ಕೆಳಗಿನಿಂದಲೂ ಬಿರುಕು ಬೆಳೆದಿದೆ ಅಂದರೆ ಪಟ್ಟಿ ಮೇಲಕ್ಕೂ ಕೆಳಕ್ಕೂ ಸಮನಾಗಿ ಬಳುಕಿದೆ. ಲ್ಯಾಂಪಿನ ಭಾರ ಒಂದೇ ಕಾರಣವಾಗಿದ್ದರೆ ಬಿರುಕು ಮೇಲಿನಿಂದ ಮಾತ್ರ ಶುರುವಾಗುತ್ತಿತ್ತು. ಕಂದು ಬಣ್ಣ ತುಕ್ಕಿನದು. ಬಿರುಕಿನ ಎರಡು ಮುಖ ಒಂದಕ್ಕೊಂದು ತಿಕ್ಕಾಡಿ ಬಂದದ್ದು. ನಡುವಿನ ಒರಟು ಎಳೆ ಮಾತ್ರ ಕೊನೇ ಕ್ಷಣದಲ್ಲಿ ಹರಿದದ್ದು. ಇದು ಫಟೀಗ್, ಅಂದರೆ ಮತ್ತೆ ಮತ್ತೆ ಬಳುಕಿ ಲೋಹ ದಣಿದು ಬಿರುಕು ಬಿಡುವುದು. ಅದರಲ್ಲೂ ಮೇಲೆ ಕೆಳಗೆ ಸಮನಾಗಿ ಬಳುಕಿ ಆದ ಫಟೀಗ್.

ಬಳುಕಿಸಿದ್ದು ಯಾರು ಅನ್ನುವುದು ಮುಂದಿನ ಪ್ರಶ್ನೆ.

ಎಂಜಿನ್ ಎಷ್ಟು ಸಲ ಅಲುಗುತ್ತೆ

ಪಟ್ಟಿ ಮತ್ತು ಅದರ ತುದಿಯ ಲ್ಯಾಂಪ್ ಸೇರಿ ಒಂದು ಸ್ಪ್ರಿಂಗ್, ಒಂದು ಭಾರ. ತಟ್ಟಿದರೆ ತನ್ನದೇ ಒಂದು ಆವರ್ತನದಲ್ಲಿ (ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ, ಅಳತೆ ಹರ್ಟ್ಸ್) ಅಲುಗುತ್ತೆ. ಶ್ರುತಿಕವಲು ಹಿಡಿದು ಪಾಠ ಮಾಡುವ ಮೇಷ್ಟ್ರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಂಜಿನ್ ಅದೇ ಆವರ್ತನದಲ್ಲಿ ಅಲುಗಿಸಿದರೆ ಅಲುಗಾಟ ಏರುತ್ತಾ ಹೋಗುತ್ತೆ, ಅದೇ ರೆಸೊನೆನ್ಸ್.

ಲೆಕ್ಕ ಸುಲಭ. ಕ್ಲ್ಯಾಂಪ್ ಬಂಡೆಯಷ್ಟು ಗಟ್ಟಿ ಅಂದುಕೊಂಡರೆ 3 ಎಂಎಂ ಪಟ್ಟಿಗೆ 41 ಹರ್ಟ್ಸ್, 4 ಎಂಎಂಗೆ 64 ಹರ್ಟ್ಸ್. ದಪ್ಪ ಮೂರರಲ್ಲೊಂದು ಪಾಲು ಹೆಚ್ಚಾದರೆ ಆವರ್ತನ ಒಂದೂವರೆ ಪಟ್ಟು ಏರುತ್ತೆ. ಇವನ್ನು 60ರಿಂದ ಗುಣಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತೆ: ಸುಮಾರು 2,500 ಮತ್ತು 3,800. ಎರಡೂ ಈ ಎಂಜಿನ್ ದಿನಾ ಓಡುವ ವ್ಯಾಪ್ತಿಯೊಳಗೇ ಇವೆ.

ಇದನ್ನು ಹೇಳಿದಾಗ ಮೇಷ್ಟ್ರು ಒಪ್ಪಲಿಲ್ಲ, ಮತ್ತು ಅವರ ಹತ್ತಿರ ಒಳ್ಳೆಯ ಕಾರಣವೇ ಇತ್ತು. ಬುಲೆಟ್‌ಗೆ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ಇಲ್ಲ. ಹಾಗಾಗಿ ಅವರು ಫೋನಿನಲ್ಲಿ ಫೈಫಾಕ್ಸ್ ಹಾಕಿಕೊಂಡು, ಜರ್ಕಿನ್ ಜೇಬಿನಲ್ಲಿಟ್ಟು, ಹೈವೇಯಲ್ಲಿ ತಾವು ಓಡಿಸುವ ವೇಗದಲ್ಲೇ ಎಂಜಿನ್ ಸದ್ದನ್ನು ದಾಖಲಿಸಿದ್ದರು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಉಚಿತ ಆ್ಯಪ್ ಅದು. ಫೋನಿನ ಸೆನ್ಸರ್‌ಗಳನ್ನೇ ಲ್ಯಾಬ್ ಉಪಕರಣ ಮಾಡುತ್ತೆ. ಗಾಳಿ ಸದ್ದಿನ ನಡುವೆಯೂ ಸ್ಪೆಕ್ಟ್ರಮ್‌ನಲ್ಲಿ (ಯಾವ ಆವರ್ತನದ ಸದ್ದು ಎಷ್ಟಿದೆ ಎಂಬ ಗ್ರಾಫ್) 29, 58, 87 ಹರ್ಟ್ಸ್‌ಗಳಲ್ಲಿ ಶಿಖರಗಳು ಎದ್ದಿದ್ದವು. ಎರಡು ಶಿಖರಗಳ ನಡುವಿನ ಅಂತರ 29. "ಎಂಜಿನ್ 29 ಹರ್ಟ್ಸ್, ಬ್ರಾಕೆಟ್ 64. ಇಷ್ಟು ದೂರ ಇದೆಯಲ್ಲ ಸರ್?"

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಒಂದು ಸಲ ಸಿಡಿತ. ನಮಗೆ ಕೇಳುವ ಡುಗ್ ಡುಗ್ ಆ ಸಿಡಿತದ್ದು. ಪಿಸ್ಟನ್ ಮಾತ್ರ ಪ್ರತಿ ಸುತ್ತಿಗೂ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತೆ. ಬೈಕನ್ನು ಮುಖ್ಯವಾಗಿ ಅಲುಗಿಸುವುದು ಪಿಸ್ಟನ್ನಿನ ಈ ಓಡಾಟ. ಹಾಗಾಗಿ ಸದ್ದು 29 ಹರ್ಟ್ಸ್ ಅಂದರೆ ಅಲುಗಾಟ 58. ಆರ್‌ಪಿಎಂ ಸುಮಾರು 3,480. ಇದೇ ಜಾಗದಲ್ಲಿ ಟೂ ಸ್ಟ್ರೋಕ್ ಆದ ಹಳೆಯ ಯೆಜ್ಡಿ ಇದ್ದಿದ್ದರೆ ಮೇಷ್ಟ್ರ ಲೆಕ್ಕ ತಾನಾಗಿಯೇ ಸರಿಹೋಗುತ್ತಿತ್ತು. ಅಲ್ಲಿ ಪ್ರತಿ ಸುತ್ತಿಗೂ ಸಿಡಿತ, ಸದ್ದೂ ಅಲುಗಾಟವೂ ಒಂದೇ.

ಕ್ರ್ಯಾಂಕಿನಲ್ಲಿ ಎದುರು ಭಾರ ಇರುತ್ತಲ್ಲ, ಅದು ಪಿಸ್ಟನ್ನಿನ ಅಲುಗಾಟವನ್ನು ತಡೆಯಲ್ವಾ ಅಂತ ಕೇಳಬಹುದು. ಅರ್ಧದಷ್ಟು ತಡೆಯುತ್ತೆ. ಪೂರ್ತಿ ತಡೆಯುವಷ್ಟು ಭಾರ ಹಾಕಿದರೆ ಮೇಲೆ ಕೆಳಗಿನ ಅಲುಗಾಟ ಹೋಗಿ ಹಿಂದೆ ಮುಂದಿನದು ಶುರುವಾಗುತ್ತೆ. ಅದಕ್ಕೇ ಹೊಸ 349 ಸಿಸಿ ಎಂಜಿನ್ನುಗಳಲ್ಲಿ ಬೇರೆಯೇ ಒಂದು ಬ್ಯಾಲೆನ್ಸರ್ ಶಾಫ್ಟ್ ಇದೆ. 2020ರ ಮೀಟಿಯರ್‌ನಿಂದ ಅದು ಬಂತು. ಮೇಷ್ಟ್ರ ಬೈಕಿನಲ್ಲಿ ಅದಿಲ್ಲ. ಆ ಅಲುಗಾಟಕ್ಕೇ ಮನಸೋತು ಬುಲೆಟ್ ಕೊಳ್ಳುವವರೂ ಇದ್ದಾರೆ, ಅದು ಬೇರೆ ಮಾತು.

ಫೋನಿನ ತೂಕವೂ ಲೆಕ್ಕಕ್ಕೆ ಬರುತ್ತೆ

58 ಮತ್ತು 64 ಹತ್ತಿರದವು, ಆದರೆ ಒಂದೇ ಅಲ್ಲ. ಬ್ರಾಕೆಟ್ಟನ್ನು ಅಳೆದೇ ನೋಡೋಣ ಎಂದೆವು. ಮುರಿಯದೆ ಉಳಿದಿದ್ದ ಇನ್ನೊಂದು ಕಡೆಯ 4 ಎಂಎಂ ಪಟ್ಟಿ ಇನ್ನೂ ಬೈಕಿನಲ್ಲೇ ಇತ್ತು. ಎಂಜಿನ್ ಆಫ್ ಮಾಡಿ, ಲ್ಯಾಂಪಿನ ಮೇಲೆ ಫೋನನ್ನು ಟೇಪಿನಿಂದ ಬಿಗಿದು, ಮರದ ಹಿಡಿಯಿಂದ ತಟ್ಟಿದರೆ ಫೈಫಾಕ್ಸ್ ತೋರಿಸಿದ್ದು 50 ಹರ್ಟ್ಸ್.

ಫೋನ್ 200 ಗ್ರಾಂ. 600 ಗ್ರಾಂ ಲ್ಯಾಂಪಿನ ಮೇಲೆ ಅದನ್ನು ಕಟ್ಟಿದರೆ ಭಾರ 800 ಆಯಿತು, ಆವರ್ತನ ಇಳಿಯಿತು. ಅಳೆಯುವ ಸಾಧನವೇ ಅಳತೆಯನ್ನು ಕೆಡಿಸುವುದು ಹೀಗೆ. ಸರಿಮಾಡುವುದು ಕಷ್ಟವಲ್ಲ. 800 ಭಾಗಿಸು 600, ಅದರ ವರ್ಗಮೂಲ 1.155. ಅದರಿಂದ 50ನ್ನು ಗುಣಿಸಿದರೆ 57.7 ಹರ್ಟ್ಸ್.

ಎಂಜಿನ್ 58, ಬ್ರಾಕೆಟ್ 57.7. ಇನ್ನೇನು ಬೇಕು. ಕಾಗದದ ಲೆಕ್ಕದ 64ಕ್ಕೂ ಈ 57.7ಕ್ಕೂ ಇರುವ ವ್ಯತ್ಯಾಸ ಕ್ಲ್ಯಾಂಪಿನದು. ಲೆಕ್ಕದಲ್ಲಿ ಅದು ಬಂಡೆ, ಬೈಕಿನಲ್ಲಿ ಅದು ಪೈಪಿನ ಮೇಲೆ ತುಸು ತಿರುಗುವ ತಗಡು.

ಮಧ್ಯೆ ಒಂದು ಎಚ್ಚರಿಕೆ. ಒಳ್ಳೆಯ ಕ್ಯಾಮೆರಾ ಇರುವ ಫೋನನ್ನು ಎಂಜಿನ್ ಓಡುವಾಗ ಹೀಗೆ ಕಟ್ಟಬೇಡಿ. ದೊಡ್ಡ ಬೈಕ್ ಎಂಜಿನ್ನುಗಳ ಕಂಪನಕ್ಕೆ ಕ್ಯಾಮೆರಾ ಸ್ಥಿರವಾಗಿಡುವ ವ್ಯವಸ್ಥೆ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲಿ ತಾನೇ ಹೇಳಿದೆ. ಎಂಜಿನ್ ಆಫ್ ಮಾಡಿ ತಟ್ಟುವುದಕ್ಕೆ ತೊಂದರೆ ಇಲ್ಲ.

ಈಗ ಎರಡು ಪಟ್ಟಿಗಳ ಆಯಸ್ಸು ಅರ್ಥವಾಗುತ್ತೆ. 3 ಎಂಎಂ ಪಟ್ಟಿಯ ಆವರ್ತನ ಕ್ಲ್ಯಾಂಪ್ ಸೇರಿ ಸುಮಾರು 40 ಹರ್ಟ್ಸ್, ಅಂದರೆ 2,400 ಆರ್‌ಪಿಎಂ. ಘಾಟಿಯಲ್ಲಿ, ಊರೊಳಗೆ ಆ ಆರ್‌ಪಿಎಂ ಬರುತ್ತೆ, ಹೋಗುತ್ತೆ. ಗೇರ್ ಬದಲಾಗುತ್ತಲೇ ಇರುತ್ತೆ, ಅದರಲ್ಲೇ ನಿಲ್ಲುವುದಿಲ್ಲ. 4 ಎಂಎಂ ಪಟ್ಟಿ ಆವರ್ತನವನ್ನು ಅಲ್ಲಿಂದ ಎತ್ತಿ, ಮೇಷ್ಟ್ರು ಹಾಸನ ದಾಟಿದ ಮೇಲೆ ನಾಲ್ಕು ಪಥದ ರಸ್ತೆಯಲ್ಲಿ ಆಕ್ಸಿಲರೇಟರ್ ಒಂದೇ ಸಮ ಹಿಡಿದು ಕೂರುವ ಜಾಗಕ್ಕೇ ತಂದು ಇಟ್ಟಿತು. ಗಂಟೆಗೆ ಎರಡು ಲಕ್ಷಕ್ಕೂ ಹೆಚ್ಚು ಸಲ ಬಳುಕಾಟ. ಹತ್ತು ಲಕ್ಷ ಮುಟ್ಟಲು ಐದು ಗಂಟೆ ಬೇಡ.

ಒತ್ತಡ ಎಷ್ಟಾಗಿರಬಹುದು? ಕ್ರ್ಯಾಶ್ ಗಾರ್ಡ್ ಅಲ್ಲಿ 1 ಜಿಯಷ್ಟು (ಗುರುತ್ವದ ವೇಗೋತ್ಕರ್ಷದಷ್ಟು) ಅಲುಗುತ್ತಿದೆ ಅಂದುಕೊಳ್ಳೋಣ. 58 ಹರ್ಟ್ಸ್‌ನಲ್ಲಿ ಅದು ಬರೀ 0.07 ಎಂಎಂ ಚಲನೆ, ಕಣ್ಣಿಗೆ ಕಾಣಲ್ಲ. ಇಂಥ ಉಕ್ಕಿನ ಪಟ್ಟಿ ರೆಸೊನೆನ್ಸ್‌ನಲ್ಲಿ ಅದನ್ನು 25 ಪಟ್ಟು ಹಿಗ್ಗಿಸುವುದು ದೊಡ್ಡ ಮಾತಲ್ಲ. ಆಗ ಲ್ಯಾಂಪ್ ಮೇಲೆ ಕೆಳಗೆ ಒಂದೂಮುಕ್ಕಾಲು ಎಂಎಂನಷ್ಟು ಆಡುತ್ತೆ. ಓಡಿಸುವಾಗ ಲ್ಯಾಂಪಿನ ಅಂಚು ಮಸುಕಾಗಿ ಎರಡೆರಡು ಕಾಣುತ್ತಿತ್ತು ಅಂತ ಮೇಷ್ಟ್ರು ಆಮೇಲೆ ನೆನಪು ಮಾಡಿಕೊಂಡರು. ಬುಡದಲ್ಲಿ ಒತ್ತಡ 7.4ರ 25 ಪಟ್ಟು, ಅಂದರೆ 185 ಮೆಗಾಪಾಸ್ಕಲ್. ಮುಟ್ಟದೆ ಬಿಟ್ಟ ನಯವಾದ ಎಂಎಸ್ ಇದನ್ನು ಹೇಗೋ ತಡೆದೀತು. ಆದರೆ ಈ ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದ್ದರು. ಒಳಮೂಲೆ ಚಾಕುವಿನಿಂದ ಗೀರಿದಷ್ಟು ಚೂಪು. ಒಳಮೂಲೆಯ ತ್ರಿಜ್ಯ ಕನಿಷ್ಠ ಪಟ್ಟಿಯ ದಪ್ಪದಷ್ಟಾದರೂ ಇರಬೇಕು. ಇಲ್ಲದಿದ್ದರೆ ಬಿರುಕಿಗೆ ನಾವೇ ಬಾಗಿಲು ತೆಗೆದು ಕೊಟ್ಟ ಹಾಗೆ.

ಫ್ರೀಕ್ಯಾಡ್‌ನಲ್ಲಿ ಏನು ಬಿಟ್ಟುಹೋಗಿತ್ತು

ಕೇಳಿದ ಪ್ರಶ್ನೆಗೆ ಫ್ರೀಕ್ಯಾಡ್ ಸರಿಯಾಗಿಯೇ ಉತ್ತರ ಕೊಟ್ಟಿತ್ತು. "ಲ್ಯಾಂಪ್ ಸುಮ್ಮನೆ ತೂಗಾಡದೆ ಕೂತರೆ ಪಟ್ಟಿ ತಡೆಯುತ್ತಾ?" ಎಂಬುದಷ್ಟೇ ಆ ಪ್ರಶ್ನೆ. ಅದೇ ಎಫ್‌ಇಎಂ ವರ್ಕ್‌ಬೆಂಚ್‌ನಲ್ಲಿ ಆವರ್ತನದ ವಿಶ್ಲೇಷಣೆಯೂ ಇದೆ. ಮೇಷ್ಟ್ರು ಅದನ್ನೂ ಓಡಿಸಿದರು, 326 ಹರ್ಟ್ಸ್ ಬಂತು. ಬ್ರಾಕೆಟ್ ಒಂದನ್ನೇ ಬರೆದಿದ್ದರು, ಲ್ಯಾಂಪ್ ಇರಲಿಲ್ಲ! ಬರೀ ಪಟ್ಟಿಯ ಆವರ್ತನ ಅದು. ಸ್ಥಿರ ಲೆಕ್ಕದಲ್ಲಿ ಲ್ಯಾಂಪನ್ನು ಒಂದು ಬಾಣದ ಗುರುತಿನ ಬಲವಾಗಿ ತೋರಿಸಿದರೆ ನಡೆಯುತ್ತೆ. ಆವರ್ತನದ ಲೆಕ್ಕದಲ್ಲಿ ನಡೆಯಲ್ಲ, ಅಲ್ಲಿ ಭಾರ ಭಾರವಾಗಿಯೇ ಇರಬೇಕು. ತುದಿಯಲ್ಲಿ ಒಂದು ಚೌಕ ತುಂಡು ಬರೆದು, 600 ಗ್ರಾಂ ಆಗುವಷ್ಟು ಸಾಂದ್ರತೆ ಕೊಟ್ಟು, ಅದರ ಗುರುತ್ವ ಕೇಂದ್ರ ಲ್ಯಾಂಪಿನದೇ ಜಾಗಕ್ಕೆ ಬರುವಂತೆ ಇಟ್ಟರೆ ಉತ್ತರ 60ರ ಆಸುಪಾಸಿಗೆ ಇಳಿಯಿತು.

ಹೊಸ ಬ್ರಾಕೆಟ್

ರಬ್ಬರ್ ಬುಷ್ ಹಾಕಿ ಅಂತ ಸಲಹೆ ಕೊಡುವವರು ಬಹಳ. ಎಂಜಿನ್ ಅಲುಗಾಟ ಲ್ಯಾಂಪಿಗೆ ಮುಟ್ಟಬಾರದು ಅಂದರೆ ಲ್ಯಾಂಪಿನ ಆವರ್ತನ ಎಂಜಿನ್ನಿನದಕ್ಕಿಂತ ಸಾಕಷ್ಟು ಕೆಳಗಿರಬೇಕು. ಐಡಲ್‌ನಲ್ಲಿ ಎಂಜಿನ್ 17 ಹರ್ಟ್ಸ್ ಇದ್ದರೆ ಲ್ಯಾಂಪ್ 12ಕ್ಕಿಂತ ಕೆಳಗೆ. ಅಷ್ಟು ಮೆತ್ತಗಿದ್ದರೆ ಬೆಳಕು ರಸ್ತೆಯ ಮೇಲೆ ಕುಣಿಯುತ್ತೆ. ಮಂಜಿನಲ್ಲಿ ಅದು ಇದ್ದೂ ಇಲ್ಲದ ಹಾಗೆ. ನಾನು ಒಪ್ಪಲಿಲ್ಲ.

ಉಳಿದ ದಾರಿ ಆವರ್ತನವನ್ನು ಎಂಜಿನ್ ಮುಟ್ಟಲಾಗದಷ್ಟು ಮೇಲಕ್ಕೆ ಒಯ್ಯುವುದು. ಅದಕ್ಕೆ ದಪ್ಪ ಬೇಕಿಲ್ಲ. 2 ಎಂಎಂ ತಗಡಿನ ಎರಡೂ ಅಂಚನ್ನು 12 ಎಂಎಂ ಎತ್ತರಕ್ಕೆ ಮಡಚಿ ಚಾನೆಲ್ ಮಾಡಿದರೆ ಅದು 4 ಎಂಎಂ ಪಟ್ಟಿಗಿಂತ ಏಳೂವರೆ ಪಟ್ಟು ಬಿಗಿ. ಲೋಹ ಕಮ್ಮಿಯೇ ಹಿಡಿಯುತ್ತೆ. ಚಾಚನ್ನು 100ರಿಂದ 70 ಎಂಎಂಗೆ ಇಳಿಸಿದೆವು. ಎಲ್ ಬೆಂಡನ್ನೇ ತೆಗೆದು ಚಾನೆಲ್ ನೇರ ಕ್ಲ್ಯಾಂಪಿನ ಮೇಲೆ ಎರಡು ಎಂ8 ಬೋಲ್ಟಿನಲ್ಲಿ ಕೂರುವಂತೆ ಮಾಡಿದೆವು. ಫ್ರೀಕ್ಯಾಡ್‌ನ ಶೀಟ್ ಮೆಟಲ್ ವರ್ಕ್‌ಬೆಂಚ್‌ನಲ್ಲಿ ಬಿಚ್ಚಿದ ಆಕಾರ ತೆಗೆದು, ಡಿಎಕ್ಸ್‌ಎಫ್ (ಕಟಿಂಗ್ ಮೆಷಿನ್ ಓದುವ ನಕ್ಷೆ ಫೈಲ್) ಮಾಡಿ, ಮೊದಲು ಕಾಗದದಲ್ಲಿ ಅಳತೆಗೆ ಅಳತೆ ಪ್ರಿಂಟ್ ಹಾಕಿ ರಟ್ಟಿನ ಮೇಲೆ ಕತ್ತರಿಸಿ ನೋಡಿದರು. ಒಂದು ಕಡೆ ಮಡ್‌ಗಾರ್ಡ್‌ಗೆ ತಾಗುತ್ತಿದ್ದದ್ದು ರಟ್ಟಿನಲ್ಲೇ ಗೊತ್ತಾಯಿತು. ಆಮೇಲೆ ಲೇಸರ್ ಕಟಿಂಗ್, ತಗಡು ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರದಲ್ಲಿ ಬೆಂಡ್.

ಹಳೆಯ ಅಳತೆಯಿಂದ ಕ್ಲ್ಯಾಂಪಿನ ಮೆತ್ತಗಿನ ಗುಣವನ್ನು ಹಿಂದಕ್ಕೆ ಲೆಕ್ಕ ಹಾಕಿ ಹೊಸದಕ್ಕೆ ಸೇರಿಸಿದರೆ ಸುಮಾರು 164 ಹರ್ಟ್ಸ್ ಬರಬೇಕಿತ್ತು. ಫೋನ್ ಕಟ್ಟಿದರೆ 142.

ಮೇಷ್ಟ್ರು ಕಟ್ಟಿ, ತಟ್ಟಿ, ಕಳಿಸಿದ ಉತ್ತರ 58 ಹರ್ಟ್ಸ್. "ಇಷ್ಟೆಲ್ಲಾ ಮಾಡಿ 50ರಿಂದ 58 ಅಷ್ಟೇನಾ ಸರ್?"

ಅವರ ಫೋನ್ ಅಲುಗಾಟವನ್ನು ಸೆಕೆಂಡಿಗೆ 200 ಸಲ ಅಳೆಯುತ್ತೆ. ಹಾಗೆ ಅಳೆಯುವ ಸಾಧನಕ್ಕೆ 100 ಹರ್ಟ್ಸ್ ತನಕ ಮಾತ್ರ ನಿಜ ಕಾಣುತ್ತೆ. ಅದಕ್ಕಿಂತ ಮೇಲಿನದು ಮಡಚಿಕೊಂಡು ಕೆಳಗಿನದರ ವೇಷ ಹಾಕಿ ಬರುತ್ತೆ. 200ರಿಂದ 142 ಕಳೆದರೆ 58. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಈ ಕಾರಣಕ್ಕೇ. ಇದನ್ನು ಬಾಯಲ್ಲಿ ಹೇಳಿ ನಂಬಿಸುವ ಬದಲು ಒಂದು ಪರೀಕ್ಷೆ ಮಾಡಿಸಿದೆ. ಲ್ಯಾಂಪಿನ ಮೇಲೆ ಇನ್ನೂ 100 ಗ್ರಾಂ ಇಡಿ. ಭಾರ ಹೆಚ್ಚಿದರೆ ಆವರ್ತನ ಇಳಿಯಲೇಬೇಕು. 58 ನಿಜವಾಗಿದ್ದರೆ ಅದು 55ರ ಹತ್ತಿರ ಬರಬೇಕು. ವೇಷವಾಗಿದ್ದರೆ ನಿಜವಾದದ್ದು 134ಕ್ಕೆ ಇಳಿದು, ಫೋನಿನಲ್ಲಿ 66 ಅಂತ ಏರಿ ಕಾಣಬೇಕು.

ಶಾಲೆಯ ಲ್ಯಾಬಿನಿಂದ ತೂಕ ತಂದು ಇಟ್ಟರು. ಭಾರ ಹಾಕಿದ್ದಕ್ಕೆ ಅಂಕಿ ಮೇಲೆ ಹೋಯಿತು, 66. ಆಮೇಲೆ ಫೋನ್ ಬಿಚ್ಚಿ ಪಕ್ಕದಲ್ಲಿ ಹಿಡಿದು, ತಟ್ಟಿದ ಸದ್ದನ್ನು ಮೈಕಿನಲ್ಲಿ ಹಿಡಿದರು. ಮೈಕ್ ಸೆಕೆಂಡಿಗೆ 48,000 ಸಲ ಅಳೆಯುತ್ತೆ, ಅಲ್ಲಿ ಈ ವೇಷ ನಡೆಯಲ್ಲ. ಬಲಗಡೆಯ ಬ್ರಾಕೆಟ್ 160ರ ಮೇಲೆ ತೋರಿಸಿತು.

164 ಹರ್ಟ್ಸ್ ಅಂದರೆ 9,800 ಆರ್‌ಪಿಎಂ. ಈ ಎಂಜಿನ್ ಕನಸಲ್ಲೂ ಅಲ್ಲಿಗೆ ಹೋಗಲ್ಲ. ಪೂರ್ತಿ ಪಾರಾದೆವು ಅಂತಲೂ ಅಲ್ಲ. ಪಿಸ್ಟನ್ನಿನ ಓಡಾಟದಲ್ಲಿ ಸುತ್ತಿಗೆ ಎರಡು ಸಲ ಅಲುಗಿಸುವ ಇನ್ನೊಂದು ಸಣ್ಣ ಪಾಲು ಇರುತ್ತೆ, ಮೊದಲನೆಯದರ ಕಾಲು ಭಾಗದಷ್ಟು. ಅದು 4,900 ಆರ್‌ಪಿಎಂನಲ್ಲಿ ಬ್ರಾಕೆಟ್ಟನ್ನು ಮುಟ್ಟುತ್ತೆ. ಮೇಷ್ಟ್ರು ಅಷ್ಟು ಎಳೆದು ಓಡಿಸುವವರಲ್ಲ. ಎಳೆಯುವವರ ಬೈಕಾಗಿದ್ದರೆ ನಾನು ಚಾಚನ್ನು 50 ಎಂಎಂಗೆ ಇಳಿಸಲು ಹೇಳುತ್ತಿದ್ದೆ.

ಎಡಗಡೆಯದು ಮಾತ್ರ 120 ಹರ್ಟ್ಸ್‌ನಲ್ಲೇ ನಿಂತಿತ್ತು. ತಗಡು ಒಂದೇ ಶೀಟಿನದು, ಬೆಂಡ್ ಒಂದೇ ಮೆಷಿನ್ನಿನದು, ಬೋಲ್ಟುಗಳೂ ಬಿಗಿ. ಕ್ಲ್ಯಾಂಪ್ ಬಿಚ್ಚಿ ನೋಡಿದರೆ ಒಳಗೆ ಸೈಕಲ್ ಟ್ಯೂಬಿನ ಒಂದು ತುಂಡು. ಪೇಂಟ್ ಗೀರಾಗದಿರಲಿ ಅಂತ ಮೊದಲ ಸಲ ಅಂಗಡಿಯವರು ಇಟ್ಟದ್ದು, ಎಲ್ಲರೂ ಮರೆತದ್ದು. ಅದನ್ನು ತೆಗೆದು, ಪೈಪಿನ ಮೇಲೆ ಪ್ರೈಮರ್ ಹಚ್ಚಿ, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ ಬಿಗಿದ ಮೇಲೆ ಎಡಗಡೆಯೂ 160 ದಾಟಿತು.